ಕಾಗದದ ಆಯುಸ್ಸು

ಮನುಷ್ಯನ ಆಯುಸ್ಸನ್ನು ಬ್ರಹ್ಮನು ಹಣೆಯಲ್ಲಿ ಬರೆದು ಕಳಿಸುತ್ತಾನಂತೆ. ಸರ್ಕಾರಿ ಕಡತದ ಆಯುಸ್ಸನ್ನು ಬರೆಯುವ ಬ್ರಹ್ಮರು ಕಚೇರಿಯಲ್ಲೇ ಇದ್ದಾರೆ. ನಮ್ಮ ರಾಜ್ಯದ ಕಚೇರಿಗಳಲ್ಲಿ ಕಡತಗಳಿಗೆ ಐದು ವರ್ಗಗಳುಂಟು. ‘ಎ’ ವರ್ಗದ್ದು ಚಿರಂಜೀವಿ. ‘ಬಿ’ಗೆ 30 ವರ್ಷ, ‘ಸಿ’ಗೆ 10, ‘ಡಿ’ಗೆ 5. ಬಡಪಾಯಿ ‘ಇ’ಗೆ ಒಂದೇ ವರ್ಷ.

ಇದರಲ್ಲಿ ತಪ್ಪೇನೂ ಇಲ್ಲ. ಎಲ್ಲವನ್ನೂ ಕೂಡಿಟ್ಟರೆ ಗುಮಾಸ್ತರಿಗೆ ಕೂರಲು ಜಾಗವಿರದು. ಬೇಕಾದದ್ದು ಬೇಡದ್ದರ ಕೆಳಗೆ ಹೂತುಹೋದೀತು. ಆದರೆ ಕಡತಕ್ಕೆ ಆಯುಸ್ಸು ಕಟ್ಟುವಾಗ ಕಚೇರಿ ತನ್ನ ಅಗತ್ಯವನ್ನು ನೋಡಿಕೊಳ್ಳುತ್ತದೆಯೇ ಹೊರತು ಆ ಕಾಗದವನ್ನೇ ನಂಬಿದವರ ಅಗತ್ಯವನ್ನಲ್ಲ.

ನಮ್ಮ ವಿದ್ಯಾರಣ್ಯಪುರದಲ್ಲಿ ನಿವೃತ್ತರು ಬಹಳ. ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ದುಡಿದು, ನಿವೇಶನ ಕೊಂಡು, ಮನೆ ಕಟ್ಟಿಸಿದವರು ಅನೇಕರು. ಅಂಥ ಮನೆಗಳ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಪಕ್ಕದ ಮನೆಯ ಅಜ್ಜಿ ಮೊಮ್ಮಗಳ ಹೆಸರಿಗೆ ಮನೆ ಬರೆಯಲು ಹೊರಟಾಗ, ಕಚೇರಿಯೊಂದರಲ್ಲಿ ಹಳೆಯ ಕಂದಾಯದ ರಸೀದಿ ಕೇಳಿದರು. ಅಜ್ಜಿ ಟ್ರಂಕಿನಿಂದ ತೆಗೆದು ಕೊಟ್ಟರು. “ಇದು ನಿಜವೆಂದು ಹೋಲಿಸಿ ನೋಡಲು ನಮ್ಮಲ್ಲಿ ಸ್ಥಳಪ್ರತಿ ಇಲ್ಲವಮ್ಮ, ಅವಧಿ ಮುಗಿದು ವಿಲೇವಾರಿಯಾಗಿದೆ” ಎಂದರು. ಪ್ರತಿಯನ್ನು ಕಳೆದವರು ಅವರು. ಸಂಶಯಕ್ಕೆ ಗುರಿಯಾದವರು ಅಜ್ಜಿ!

ನ್ಯಾಯಾಲಯದ ನೋಟ ಇನ್ನೊಂದು ಬಗೆಯದು. 30 ವರ್ಷ ದಾಟಿದ ದಸ್ತಾವೇಜು ಇರಬೇಕಾದವರ ಬಳಿಯೇ ಇದ್ದು ಬಂದಿದ್ದರೆ, ಅದರ ರುಜುವನ್ನೂ ಬರಹವನ್ನೂ ನಿಜವೆಂದು ನ್ಯಾಯಾಲಯ ಭಾವಿಸಬಹುದು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ಮಾತು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಕಾಗದಕ್ಕೆ ವಯಸ್ಸಾದಷ್ಟೂ ಅಲ್ಲಿ ಗೌರವ. ಕಚೇರಿಯಲ್ಲಿ ವಯಸ್ಸಾದರೆ ಗತಿ ಬೆಂಕಿಯೋ ಗುಜರಿಯೋ.

2005ರ ಮಾಹಿತಿ ಹಕ್ಕಿನ ಕಾಯಿದೆ ಕಾಗದವನ್ನು ಕೇಳುವ ಹಕ್ಕನ್ನು ಕೊಟ್ಟಿತು; ದಾಖಲೆಗಳನ್ನು ಪಟ್ಟಿಮಾಡಿ ಜೋಡಿಸಿಡಬೇಕೆಂದೂ ವಿಧಿಸಿತು. ಆದರೆ ಇಲ್ಲವಾದದ್ದನ್ನು ಯಾವ ಹಕ್ಕು ತಂದುಕೊಟ್ಟೀತು?

ಎಲ್ಲ ಕಡತವೂ ಚಿರಂಜೀವಿಯಾಗಲಿ ಎಂದು ನಾನು ಬೇಡುವುದಿಲ್ಲ. ನಾಶಮಾಡಿದ್ದರ ಪಟ್ಟಿಯೊಂದು ಮಾತ್ರ ಚಿರಂಜೀವಿಯಾಗಿರಲಿ. ಸುಡುವ ಮುನ್ನ ಒಂದು ಪ್ರಕಟಣೆ ಬಾಗಿಲ ಬಳಿ ಅಂಟಲಿ. ಪ್ರತಿ ತನ್ನಲ್ಲಿಲ್ಲವಾದಾಗ, ಇಟ್ಟುಕೊಂಡವರ ಮಾತನ್ನು ನಂಬುವಷ್ಟು ದೊಡ್ಡತನವನ್ನೂ ಕಚೇರಿ ತೋರಲಿ. ಅಷ್ಟಾದರೆ, ಅರ್ಧ ಶತಮಾನ ಜಿರಲೆ ಗೆದ್ದಲುಗಳೊಡನೆ ಹೋರಾಡಿ ಕಾಗದ ಉಳಿಸಿದ ಮುದುಕರು ಸುಳ್ಳರೆನಿಸಿಕೊಳ್ಳದೆ ಬಾಳಿಯಾರು.