ಸತ್ತ ಯಂತ್ರಕ್ಕೆ ಜೀವ

ಕೆಟ್ಟುಹೋದ ಯಂತ್ರವನ್ನು ಬದುಕಿಸುವುದರಲ್ಲಿ ಒಂದು ಬಗೆಯ ಸುಖವಿದೆ. ಕೆಟ್ಟೊಡನೆ ಹೊಸದನ್ನು ಕೊಳ್ಳಬಲ್ಲವರಿಗೆ ಅದು ದೊರೆಯುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮಂಥವರೇ ಭಾಗ್ಯವಂತರು!

ಅಮ್ಮ ಕೆಲಸಕ್ಕೆ ಹೋಗುವ ಮನೆಯವರು ಗುಜರಿಗೆಂದು ತೆಗೆದಿಟ್ಟಿದ್ದ ಸಾಮಾನಿನಿಂದ ನಮ್ಮ ಮನೆಗೆ ಒಂದು ‘ಗೇಮ್ ಬಾಯ್’ ಬಂದಿತು. ಅಂಗೈಯಲ್ಲಿ ಹಿಡಿದು ಆಡುವ ಈ ಯಂತ್ರವನ್ನು ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದಿತು. ಎಂದರೆ ವಯಸ್ಸಿನಲ್ಲಿ ಅದು ನನಗೆ ಅಣ್ಣ. ಅದನ್ನು ರೂಪಿಸಿದವರಲ್ಲಿ ಪ್ರಮುಖನಾದ ಗುನ್‌ಪೇ ಯೊಕೊಯ್ ಎಂಬ ಮಹಾಶಯನು, ಬಳಸಿ ಹಳತಾದ ಅಗ್ಗದ ತಂತ್ರವನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂದು ನಂಬಿದ್ದವನು. ಆದ್ದರಿಂದಲೇ ಅದರ ಪರದೆಗೆ ಬಣ್ಣವಿಲ್ಲ, ದೀಪವಿಲ್ಲ; ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ಅದರ ಸಂಸಾರ ನಡೆಯುತ್ತದೆ.

ನಮ್ಮ ಅಪ್ಪ ಪಂಪ್‌ಸೆಟ್ ರಿಪೇರಿಯವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಂತ್ರವನ್ನು ತಿರುಗಿಸಿ ನೋಡಿ, “ಮೊದ್ಲು ಕರೆಂಟು ಎಲ್ಲೀಗಂಟ ಬಂದೈತೆ ನೋಡ್ಬೇಕು” ಎಂದರು. ಸೆಲ್ಲಿನ ಗೂಡಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಹಳೆಯ ಸೆಲ್ಲುಗಳಿಂದ ಸೋರಿದುದು ಕ್ಷಾರ. ಕ್ಷಾರಕ್ಕೆ ಮದ್ದು ಹುಳಿ. ನಿಂಬೆರಸದಲ್ಲಿ ಹತ್ತಿಯನ್ನದ್ದಿ ತಿಕ್ಕಿ, ಸ್ಪಿರಿಟ್ಟಿನಿಂದ ಒರಸಿ, ಒಣಗಿಸಿದೆವು. ಕೆಂಪು ದೀಪ ಹತ್ತಿತು. ಆದರೆ ಚಿತ್ರದಲ್ಲಿ ಅಲ್ಲಲ್ಲಿ ಉದ್ದುದ್ದ ಗೆರೆಗಳೇ ಮಾಯವಾಗಿದ್ದವು!

ಎಲ್ಲವನ್ನೂ ಬಿಚ್ಚಿ ಉಜ್ಜಿಬಿಡೋಣವೆಂದು ತಮ್ಮ ಅವಸರಪಟ್ಟ. “ಎಲ್ಲಾ ಒಟ್ಗೆ ಮುಟ್ಟಿದ್ರೆ ಕೆಟ್ಟಿದ್ದು ಯಾವ್ದು ಅಂತ ಹೆಂಗ್ಲಾ ಗೊತ್ತಾಗ್ತದೆ?” ಎಂದರು ಅಪ್ಪ. ನಾನು ಬೆರಗಾದೆ. ಉಳಿದೆಲ್ಲವೂ ಇದ್ದಂತೆಯೇ ಇದ್ದು, ಒಂದೇ ಅಂಶ ಬದಲಾದಾಗ ಫಲವೂ ಬದಲಾದರೆ ಕಾರಣ ಆ ಅಂಶದಲ್ಲಿದೆ ಎಂದು ಜಾನ್ ಸ್ಟೂವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ಹೇಳಿದ್ದಾನೆ. ನಾನು ಪರೀಕ್ಷೆಗೆಂದು ಉರುಹಚ್ಚಿದ ಆ ವ್ಯತಿರೇಕ ವಿಧಾನವನ್ನು, ಮಿಲ್ಲನ ಹೆಸರನ್ನೂ ಕೇಳದ ಅಪ್ಪ ಎಷ್ಟು ವರ್ಷಗಳಿಂದ ಬಾವಿಯ ದಡದಲ್ಲಿ ನಡೆಸಿಕೊಂಡು ಬಂದಿದ್ದರೋ!

ಯಂತ್ರದ ಬೆನ್ನಿಗಿದ್ದವು ಮೂರು ಸೀಳಿನ ವಿಚಿತ್ರ ಸ್ಕ್ರೂಗಳು. ಹಳೆಯ ಸ್ಕ್ರೂಡ್ರೈವರೊಂದರ ತುದಿಯನ್ನು ಅರದಿಂದ ಉಜ್ಜಿ ಅಪ್ಪ ಅವುಗಳಿಗೆ ಹೊಂದಿಸಿದರು. ಪರದೆಯ ಗಾಜಿಗೆ ಅಂಟಿದ ತೆಳುವಾದ ಪಟ್ಟಿಯ ಹಿಡಿತ ಸಡಿಲಿದರೆ ಗೆರೆಗಳು ಹೀಗೆ ಅಳಿಯುತ್ತವೆ. ಪರದೆಯ ಕೆಳಗಿನ ಆ ಪಟ್ಟಿಯ ಮೇಲೆ ಸೋಲ್ಡರಿಂಗ್ ಐರನ್ನಿನ ಬಿಸಿಯನ್ನು ಎಲ್ಲಿಯೂ ನಿಲ್ಲಿಸದೆ ಮೆಲ್ಲನೆ ಆಡಿಸಿದಂತೆ, ಒಂದೊಂದೇ ಗೆರೆ ಮರಳಿ ಬಂದಿತು.

ಈ ವರ್ಷ ನಮ್ಮ ಮನೆತನದಲ್ಲಿ ಮೊದಲ ಪದವೀಧರನಾಗಲಿದ್ದೇನೆ. “ನಿನ್ನ ಮಗ ಇನ್ನು ಗ್ರೀಸು ಮುಟ್ಟೋ ಹಂಗಿಲ್ಲ ಬಿಡು” ಎಂದು ಊರವರು ಹೇಳಿದರೆ ಅಪ್ಪನಿಗೆ ಹಿಗ್ಗು. ಆ ಹಿಗ್ಗನ್ನು ನಾನು ಕೆಡಿಸಲಾರೆ. ಆದರೆ ಪುಸ್ತಕದ ತರ್ಕ ಅವರ ಕೈಯಲ್ಲಿ ಕಂಡ ಮೇಲೆ, ಆ ಕೈಗೆ ಹತ್ತಿದ ಗ್ರೀಸನ್ನು ಕೊಳೆಯೆನ್ನಲು ನನ್ನ ನಾಲಗೆ ಏಳದು.