ಆರು ನಿಮಿಷದ ಕೊಕಟನೂರ

ಬೆಳಗಾವಿಯಿಂದ ಅಥಣಿ ಬಸ್ಸು ಹಿಡಿದು ಕೃಷ್ಣೆಯ ಸೇತುವೆ ದಾಟಿದರೆ ಸಾಕು, ನನಗೆ ಊರ ವಾಸನೆ ಬಡಿಯುತ್ತದೆ. ಈ ಶಿವರಾತ್ರಿಗೆ ಮೊಮ್ಮಕ್ಕಳಿಬ್ಬರನ್ನು ಕರೆದುಕೊಂಡು ಕೊಕಟನೂರಿಗೆ ಹೋಗಿದ್ದೆ. ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯತ್ತ ತೂಗುತ್ತ ಹೋಗುತ್ತಿದ್ದವು. ನಮ್ಮೂರ ಹೆಸರು ಹೇಳಿದರೆ ಈ ಭಾಗದವರಿಗೆ ಮೊದಲು ನೆನಪಾಗುವುದು ಯಲ್ಲಮ್ಮ. ಜಾತ್ರೆಯಲ್ಲಿ ಭಂಡಾರ ಹಾರಿ ಅಂಗಿ, ಮುಖ, ರಸ್ತೆ ಎಲ್ಲ ಅರಿಶಿಣವಾಗುತ್ತವೆ. ಅಪ್ಪನ ಹಿಂದೆ ಓಡುತ್ತ ಆ ಜನಜಂಗುಳಿಯಲ್ಲಿ ಗುಡಿ ಮುಟ್ಟುತ್ತಿದ್ದ ಹುಡುಗ ನಾನು.

ಈ ಸಲ ಅದೇ ಗುಡಿಗೆ ನಡೆದು ಹೊರಟಾಗ ದಾರಿಯಲ್ಲಿ ಎರಡು ಕಡೆ ನಿಂತೆ. ‘ಫೋಟೋ ತೆಗಿಯೋಣ’ ಎಂದು ಮಕ್ಕಳಿಗೆ ನೆಪ ಹೇಳಿದೆ. ಮುಂದೆ ಹೋಗುತ್ತಿದ್ದ ನನ್ನ ಅಕ್ಕ ತಿರುಗಿ ನೋಡಿ, ‘ಏ ತಮ್ಮಾ, ದಮ್ಮು ಹತ್ತೇತೇನೋ?’ ಅಂದಳು. ಅವಳಿಗೆ 78, ನನಗೆ 72. ಅವಳು ಶಾಲೆ ಕಂಡವಳಲ್ಲ, ಹೊಲ ಬಿಟ್ಟವಳೂ ಅಲ್ಲ. ನಾನು ಬಿ.ಕಾಂ. ಮಾಡಿ ಬ್ಯಾಂಕಿನ ಕುರ್ಚಿಯಲ್ಲಿ ಆಯುಷ್ಯ ಕಳೆದವನು.

ನಾಚಿಕೆಗಿಂತ ದೊಡ್ಡ ಚಿಂತೆ ಬೇರೆಯಿತ್ತು. ಆಷಾಢ ಏಕಾದಶಿಗೆ ಈ ಕಡೆಯ ಊರುಗಳಿಂದ ದಿಂಡಿ ಪಂಢರಪುರಕ್ಕೆ ನಡೆದು ಹೋಗುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವವರು ದಾರಿಯಲ್ಲಿ ಮರಾಠಿ ಅಭಂಗ ಹಾಡುತ್ತಾರೆ. ನೂರು ಕಿಲೋಮೀಟರಿಗೂ ಮೇಲಿನ ದಾರಿ. ಒಮ್ಮೆಯಾದರೂ ಹೋಗಬೇಕೆಂದು ನಿವೃತ್ತಿಯಾದಂದಿನಿಂದ ಹೇಳುತ್ತ ಬಂದಿದ್ದೇನೆ. ಮಗ ಮಾತ್ರ ‘ಬ್ಯಾಡ್ರಿ ಅಪ್ಪಾ’ ಎನ್ನುತ್ತಾನೆ. ಅವನು ಹೇಳುವುದು ಪ್ರೀತಿಗೋ ಲೆಕ್ಕಕ್ಕೋ? ಲೆಕ್ಕವಾದರೆ ನನಗೂ ಬರುತ್ತದೆ.

ನನ್ನ ಡಾಕ್ಟರು ಇಸಿಜಿ ಮಾಡಿಸಿ, ಒಂದು ಸರಳ ಪರೀಕ್ಷೆ ಹೇಳಿಕೊಟ್ಟಿದ್ದರು. 1968ರಲ್ಲಿ ಕೆನೆತ್ ಕೂಪರ್ ಎಂಬ ಅಮೆರಿಕದ ವೈದ್ಯರು ವಾಯುಪಡೆಯ ಜವಾನರನ್ನು ಹನ್ನೆರಡು ನಿಮಿಷ ಓಡಿಸಿ, ದೂರ ಅಳೆದು, ಎದೆ-ಶ್ವಾಸಕೋಶಗಳ ತಾಕತ್ತು ಲೆಕ್ಕ ಹಾಕಿದರಂತೆ. ಆಮೇಲೆ ಉಬ್ಬಸದ ರೋಗಿಗಳಿಗಾಗಿ ಅದು ಓಟ ಹೋಗಿ ನಡಿಗೆಯಾಯಿತು. 1982ರಲ್ಲಿ ಬ್ರಿಟನ್ನಿನ ವೈದ್ಯರು ಎರಡು, ಆರು, ಹನ್ನೆರಡು ನಿಮಿಷಗಳನ್ನು ಹೋಲಿಸಿ ನೋಡಿದರು. ಕೊನೆಗೆ ರೂಢಿಯಲ್ಲಿ ಉಳಿದದ್ದು ಆರು. ಸಮತಟ್ಟಾದ ಮೂವತ್ತು ಮೀಟರ್ ದಾರಿ, ಒಂದು ಗಡಿಯಾರ, ಎಣಿಸಲು ಒಬ್ಬರು. ಓಡಬಾರದು, ಆದಷ್ಟು ಬಿರುಸಾಗಿ ನಡೆಯಬೇಕು. ದಣಿದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಎದೆ ನೋವು, ತಲೆಸುತ್ತು ಬಂದರೆ ಅಲ್ಲಿಗೇ ಬಿಡಬೇಕು. ಈಚೆಗೆ ಹೃದಯಾಘಾತವಾದವರು ಇದನ್ನು ಮನೆಯಲ್ಲಿ ಮಾಡಲೇಬಾರದು.

ಗೌಂಡಿಯ ಟೇಪು ತಂದು ಮನೆಯ ಮುಂದಿನ ದಾರಿ ಅಳೆದೆವು. ಎರಡು ತುದಿಗೆ ಎರಡು ಕಲ್ಲು. ಮೊಮ್ಮಗಳ ಕೈಲಿ ಮೊಬೈಲು, ಮೊಮ್ಮಗನ ಬಾಯಲ್ಲಿ ಸೀಟಿ. ಒಂದೊಂದು ಸುತ್ತಿಗೂ ಅವನು ಒಂದು ಜೋಳದ ಕಾಳು ತಟ್ಟೆಗೆ ಹಾಕಬೇಕು. ಹಾಕುತ್ತ ಎರಡು ಕಾಳು ತಿಂದ ಎಂದು ಅಕ್ಕನ ದೂರು. ತಿಂದದ್ದು ಲೆಕ್ಕಕ್ಕೆ ಸೇರಿದ ಮೇಲೋ ಮೊದಲೋ ಎಂದು ಜಗಳವಾಗಿ, ಮೊದಲಿನಿಂದ ನಡೆಯಬೇಕಾಯಿತು. ಅರ್ಧ ತಾಸು ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಎದ್ದೆ. ಹದಿಮೂರು ಸುತ್ತು ಮತ್ತು ಇಪ್ಪತ್ತು ಮೀಟರು: 410.

‘ನಾನೂ ನಡೀಲೇನು?’ ಎಂದು ಅಕ್ಕ ಸೆರಗು ಸಿಕ್ಕಿಸಿ ಇಳಿದಳು. ಬರಿಗಾಲು. ನಡುವೆ ದಾರಿಹೋಕಳೊಬ್ಬಳಿಗೆ ‘ಎಲ್ಲಿಗೆ ಹೊಂಟೀಯವಾ?’ ಎಂದು ಕೇಳಿ ಉತ್ತರವನ್ನೂ ಪಡೆದಳು. 465!

ಅಮೆರಿಕದ ರಿಕ್ಲಿ ಮತ್ತು ಜೋನ್ಸ್ ಎಂಬಿಬ್ಬರು ಪ್ರಾಧ್ಯಾಪಕಿಯರು ಹಿರಿಯರಿಗಾಗಿ ಮಾಡಿದ ಪಟ್ಟಿಯಲ್ಲಿ 70ರಿಂದ 74ರ ಗಂಡಸರ ಸಾಮಾನ್ಯ ಮಟ್ಟ 545ರಿಂದ 680 ಗಜ, ಅಂದರೆ ಸುಮಾರು 500ರಿಂದ 620 ಮೀಟರು. ನನಗೆ 90 ಮೀಟರು ಖೋತಾ. 75ರಿಂದ 79ರ ಹೆಂಗಸರಿಗೆ ಸುಮಾರು 393ರಿಂದ 535. ಅಕ್ಕ ಸರಿಯಾಗಿ ನಡುಮಧ್ಯೆ. ಅದು ಅಮೆರಿಕದವರ ಲೆಕ್ಕ, ಅವರ ಕಾಲು ಉದ್ದ ಎಂದು ನಾನು ವಾದಿಸಿದೆ. ಯಾರೂ ಕೇಳಲಿಲ್ಲ.

ನಾಡಿಯನ್ನೂ ಎಣಿಸಿದೆ: ಹದಿನೈದು ಸೆಕೆಂಡಿನ ಬಡಿತ ಗುಣಿಲೆ ನಾಲ್ಕು. ಆದರೆ ಡಾಕ್ಟರು ಮೊದಲೇ ಎಚ್ಚರಿಸಿದ್ದರು; ನಾನು ನುಂಗುವ ಬಿಪಿ ಗುಳಿಗೆ ನಾಡಿಯನ್ನು ಹಿಡಿದಿಡುವ ಜಾತಿಯದು, ಅದರ ಸಾಕ್ಷಿ ನಂಬಬಾರದು. ಅದಕ್ಕಿಂತ ಬಾಯಿಯೇ ವಾಸಿ. ನಡೆಯುವಾಗ ಮಾತಾಡಲು ಬಂದು ಹಾಡಲು ಬರದಿದ್ದರೆ ಶ್ರಮ ಹದವಾಗಿದೆ. ಮಾತೇ ತುಂಡಾದರೆ ಹೆಚ್ಚಾಯಿತು. ಮಳೆಗಾಲದಲ್ಲಿ ಹೊರಗೆ ಹೋಗಲಾಗದವರು ನಿಂತಲ್ಲೇ ಎರಡು ನಿಮಿಷ ಹೆಜ್ಜೆ ಹಾಕಿ, ಬಲ ಮೊಣಕಾಲು ಎಷ್ಟು ಸಲ ಎದ್ದಿತು ಎಂದು ಎಣಿಸಬಹುದು. ಮೊಣಕಾಲು ತೊಡೆಯ ನಡುಮಟ್ಟಕ್ಕಾದರೂ ಏರಬೇಕು, ಕೈಗೆ ಆಸರೆಗೊಂದು ಗೋಡೆ ಇರಬೇಕು.

ಬೆಳಗಾವಿಗೆ ಮರಳಿದವನು ಹಳೆಯ ಬ್ಯಾಂಕ್ ಡೈರಿಯಲ್ಲಿ ಖಾತೆ ತೆರೆದೆ. ದಿನಾ ಬೆಳಿಗ್ಗೆ ಅರ್ಧ ತಾಸು, ಮಾತು ತುಂಡಾಗದಷ್ಟು ಬಿರುಸು. ತಿಂಗಳಿಗೊಮ್ಮೆ ಪರೀಕ್ಷೆ: 410, 425, ಒಂದು ತಿಂಗಳು ಜ್ವರ ಬಂದು 405, ಈಗ 470. ಪಟ್ಟಿಯ ಗೆರೆಗೆ ಇನ್ನೂ ಮೂವತ್ತು ಬಾಕಿ.

ಡೈರಿ ನೋಡಿದ ಮಗ ಬಹಳ ಹೊತ್ತು ಮಾತಾಡಲಿಲ್ಲ. ‘ಮೊದಲನೇ ದಿನ ಅಷ್ಟ ನಡೀರಿ, ಆಮೇಲೆ ಗಾಡಿಯೊಳಗ ಬರ್ರಿ,’ ಅಂದ. ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ‘ಗಾಡಿಯೊಳಗ ನನಗೂ ಜಾಗಾ ಹಿಡಿ, ಚೀಲಾ ಇಡಾಕ,’ ಅಂದಳು. ‘ನಾ ಅಂತೂ ನಡಿಯಾಕಿ.’