ಜನರೇಟರಿಗೊಂದು ಬಾಗಿಲು

ಕೊಡಗಿನಲ್ಲಿ ಮಳೆಗಾಲಕ್ಕೆಂದು ಸೌದೆ, ಅಕ್ಕಿ, ಉಪ್ಪಿನಕಾಯಿಗಳನ್ನು ಕೂಡಿಡುವ ಮನೆಗಳು ಈಗ ಜನರೇಟರಿಗೆ ಪೆಟ್ರೋಲನ್ನೂ ಕೂಡಿಡುತ್ತವೆ. ಸೋಮವಾರಪೇಟೆಯ ಕಡೆಯ ನಮ್ಮ ತೋಟದ ಮನೆಯೂ ಇದಕ್ಕೆ ಹೊರತಲ್ಲ. ಕಾಫಿಯ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳು ಬಿರುಗಾಳಿಯಲ್ಲಿ ವಿದ್ಯುತ್ ತಂತಿಯನ್ನೇ ಹುಡುಕಿಕೊಂಡು ಬೀಳುತ್ತವೆಯೋ ಏನೋ! ಅತ್ತೆಯವರ ಇನ್ಸುಲಿನ್ ಫ್ರಿಜ್ಜಿನಲ್ಲಿರುವುದರಿಂದ ನಮಗೆ ಕತ್ತಲೆಗಿಂತ ಅದರ ಚಿಂತೆಯೇ ದೊಡ್ಡದು.

ಮೂರು ಕೆ.ವಿ.ಎ. ಜನರೇಟರನ್ನು ಮನೆಗೆ ಜೋಡಿಸಲು ನಾವು ಕಂಡುಕೊಂಡಿದ್ದ ಉಪಾಯ ಬಹಳ ಸುಲಭವಾಗಿತ್ತು. ಎರಡೂ ತುದಿಗೆ ಪ್ಲಗ್ ಕಟ್ಟಿದ ಒಂದು ತಂತಿ. ಒಂದು ತುದಿ ಜನರೇಟರಿಗೆ, ಇನ್ನೊಂದು ಪಡಸಾಲೆಯ ಸಾಕೆಟ್ಟಿಗೆ. ಮೊದಲು ಮೈನ್ ಸ್ವಿಚ್ ಇಳಿಸಬೇಕು, ಅಷ್ಟೆ. ಮನೆಯವರ, ಹೊರಗಿನವರ ಪ್ರಾಣವೆಲ್ಲ ಈ ಒಂದು ನೆನಪಿನ ಮೇಲೆ ನಿಂತಿದೆಯೆಂಬುದು ನಮಗೆ ಹೊಳೆದಿರಲಿಲ್ಲ.

2018ರ ಆಗಸ್ಟ್ ತಿಂಗಳು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ ವಾರವದು. ನಮ್ಮಲ್ಲಿ ಮರ ಬಿದ್ದು ತಂತಿ ತುಂಡಾಗಿತ್ತು. ಮೂರನೆಯ ದಿನ ಸಂಜೆ ನೆನೆದ ಕೋಟು ತೊಟ್ಟ ಲೈನ್‌ಮನ್ ಒಬ್ಬರು ಬಾಗಿಲಿಗೆ ಬಂದರು. ನಮ್ಮ ಮನೆಯ ದೀಪ ಕಂಡು, ತಂತಿ ಮುಟ್ಟುವ ಮೊದಲೇ ಬಂದಿದ್ದರು. “ಅಮ್ಮಾ, ಮೈನ್ ಇಳಿದಿದೆಯೇ?” ಎಂದಷ್ಟೇ ಕೇಳಿದರು. ಇಳಿದಿದೆ ಎಂದೆ. ಹೋಗಿ ನೋಡಿದರೆ ಇಳಿದಿರಲಿಲ್ಲ. ಮಧ್ಯಾಹ್ನ ಜನರೇಟರನ್ನು ಮತ್ತೆ ಚಾಲೂ ಮಾಡಿದವಳು ನಾನೇ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ತಂತಿ ನಮ್ಮ ಕಂಬದ ಆಚೆಗೇ ಕಡಿದಿದ್ದರಿಂದ ಜನರೇಟರಿಗೆ ಮನೆಯ ಹೊರತು ಬೇರೆ ಭಾರವಿರಲಿಲ್ಲ. ಆದುದರಿಂದಲೇ ಅದು ಮುಗ್ಗರಿಸದೆ ಓಡುತ್ತಿತ್ತು, ಒದ್ದೆ ನೆಲದ ಮೇಲಿದ್ದ ತುದಿಯಲ್ಲಿ 230 ವೋಲ್ಟ್ ಇತ್ತು. ತಂತಿ ಇಡಿಯಾಗಿದ್ದಿದ್ದರೆ ಅದೇ ವಿದ್ಯುತ್ ಟ್ರಾನ್ಸ್‌ಫಾರ್ಮರನ್ನು ಹಿಂದುಮುಂದಾಗಿ ಹೊಕ್ಕು ಅತ್ತ ಕಡೆ 11,000 ವೋಲ್ಟ್ ಆಗಿ ಏಳಬಹುದೆಂದು ಅವರೇ ತಿಳಿಸಿದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮಳೆ ಹೊರವಾದ ಮೇಲೆ ಪರವಾನಗಿಯುಳ್ಳ ಎಲೆಕ್ಟ್ರಿಕಲ್ ಗುತ್ತಿಗೆದಾರರನ್ನು ಕರೆಸಿದೆವು. ಮೀಟರಿನ ನಂತರ ಚೇಂಜ್‌ಓವರ್ ಸ್ವಿಚ್ ಕೂರಿಸಲಾಯಿತು. ಅದರ ಹಿಡಿ ಒಂದು ಕಡೆಗಿದ್ದರೆ ಕಂಬದ ವಿದ್ಯುತ್ತು, ಇನ್ನೊಂದು ಕಡೆಗೆ ಜನರೇಟರು, ನಡುವೆ ಯಾವುದೂ ಇಲ್ಲ. ಎರಡೂ ಕೂಡಲು ದಾರಿಯೇ ಇಲ್ಲ. ಮರೆವಿನವರಿಗೆ ಇದಕ್ಕಿಂತ ಉಪಕಾರ ಬೇರೆ ಯಾವುದು? ಫೇಸಿನೊಂದಿಗೆ ನ್ಯೂಟ್ರಲನ್ನೂ ಕಡಿಯುವ ಎರಡು ಧ್ರುವದ ಸ್ವಿಚ್ಚನ್ನೇ ಆರಿಸಿದೆವು.

ಇನ್ನು ಹೊರಗೋಡೆಯ ಇನ್‌ಲೆಟ್ ಪೆಟ್ಟಿಗೆ. ಸಾಕೆಟ್ಟಿನಲ್ಲಿ ರಂಧ್ರಗಳಿದ್ದರೆ ಇದರಲ್ಲಿ ಕಡ್ಡಿಗಳಿರುತ್ತವೆ. ಜನರೇಟರಿನಿಂದ ಬರುವ ತಂತಿಯ ತುದಿಯಲ್ಲಿ ರಂಧ್ರ. ಹೀಗಾಗಿ ವಿದ್ಯುತ್ ಹರಿಯುವ ಬೆತ್ತಲೆ ಕಡ್ಡಿ ಯಾರ ಕೈಗೂ ಸಿಗದು. ನಮ್ಮ ಜನರೇಟರಿನಿಂದ ಸುಮಾರು 13 ಆಂಪಿಯರ್ ಮಾತ್ರ ಬರುವುದರಿಂದ 16 ಆಂಪಿಯರಿನ ನೀಲಿ ಮೂರು ಕಡ್ಡಿಯದು ಸಾಕಾಯಿತು. ಅಂಗಡಿಯಲ್ಲಿ ಐಪಿ 44 ಎಂಬುದನ್ನು ಮೊದಲು ತೋರಿಸಿದರು. ಅದು ಸಿಡಿಯುವ ನೀರನ್ನು ತಡೆಯುತ್ತದೆ. ನಮ್ಮ ಮಳೆ ಸಿಡಿಯುವುದಿಲ್ಲ, ನುಗ್ಗುತ್ತದೆ! ಸ್ವಲ್ಪ ಹೆಚ್ಚು ಕೊಟ್ಟು ಐಪಿ 67ನ್ನೇ ತಂದೆವು.

ಮಳೆ ಹೊಡೆಯುವ ಪಡುವಣ ಗೋಡೆಯನ್ನು ಬಿಟ್ಟು ಮೂಡಣ ಗೋಡೆಯಲ್ಲಿ, ಸೂರಿನಡಿ, ತಂತಿ ಕೆಳಗಿನಿಂದ ಒಳಹೊಗುವಂತೆ ಪೆಟ್ಟಿಗೆ ಕೂರಿಸಿದರು. ಅರ್ಥಿಂಗ್ ಗುಂಡಿಯನ್ನು ಹೊಸದಾಗಿ ತೋಡಿದರು. ಜನರೇಟರು ಜಗಲಿಯಿಂದ ದೂರದ ತೆರೆದ ಚಪ್ಪರಕ್ಕೆ ಹೋಯಿತು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ; ತಂತಿಗಾಗಿ ಕಿಟಕಿ ತೆರೆದಿಡುತ್ತಿದ್ದ ನಮ್ಮ ಹಳೆಯ ರೂಢಿಯೂ ಹೀಗೆ ತಪ್ಪಿತು.

ಮರುವರ್ಷದ ಮಳೆಯಲ್ಲಿ ಅದೇ ಲೈನ್‌ಮನ್ ಬಂದರು. ಸ್ವಿಚ್ಚಿನ ಹಿಡಿಯನ್ನು ತಾವೇ ಒಮ್ಮೆ ತಿರುಗಿಸಿ ನೋಡಿ, ಕಾಫಿ ಕುಡಿದು ಕಂಬದ ಕಡೆ ನಡೆದರು. ಎರಡು ಪ್ಲಗ್ಗಿನ ಹಳೆಯ ತಂತಿ ಬೇರೆ ಕೆಲಸಕ್ಕಾದೀತೆಂದು ನಮ್ಮವರು ಎತ್ತಿಟ್ಟಿದ್ದರು. ನಾನು ಕೇಳಲಿಲ್ಲ, ತೋಟದ ಕತ್ತಿ ತಂದು ನಡುವಿಗೇ ತುಂಡರಿಸಿದೆ.